ಆಲಿಕಲ್ಲು ಹತ್ತು ನಿಮಿಷ, ಕತ್ತಲು ಒಂದೂವರೆ ದಿನ

ಪ್ರಶ್ನೆ: ನಮ್ಮದು ದಾವಣಗೆರೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ತಂಗಿ, ಅಲ್ಲಿ ಐಸ್ ಸ್ಟಾರ್ಮ್ ಬರುವ ಮುಂಚೆ ಮನೆಯಲ್ಲಿ ಏನೇನು ಕೂಡಿಟ್ಟುಕೊಳ್ಳುತ್ತಾರೆ ಅಂತ ಒಂದು ಪಟ್ಟಿ ಕಳಿಸಿದ್ದಾಳೆ: ಕಂಬಳಿ, ಮೆಟ್ಟಿಲಿಗೆ ಉಪ್ಪು, ನಲ್ಲಿ ಸಣ್ಣಗೆ ತೊಟ್ಟಿಕ್ಕಲು ಬಿಡುವುದು, ಟಾರ್ಚ್, ಕುಡಿಯುವ ನೀರು, ಔಷಧ, ಆಟದ ಸಾಮಾನು ಹೀಗೆ. ಹೋದ ಬೇಸಿಗೆಯಲ್ಲಿ ನಮ್ಮಲ್ಲೂ ಆಲಿಕಲ್ಲು ಮಳೆಯಾಗಿ ಒಂದೂವರೆ ದಿನ ಕರೆಂಟ್ ಇರಲಿಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ, 9 ಮತ್ತು 14 ವರ್ಷದ ಮಕ್ಕಳು. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ, ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ಆ ಪಟ್ಟಿ ನಮಗೆಷ್ಟು ಉಪಯೋಗ? ಮೊಬೈಲ್ ಸತ್ತ ಮೇಲೆ ಮಕ್ಕಳನ್ನು ಹೇಗೆ ಕೂರಿಸುವುದು?

ಉತ್ತರ: ಪಟ್ಟಿಯಲ್ಲಿ ಅರ್ಧ ಚಳಿಗೆ, ಅರ್ಧ ಕತ್ತಲಿಗೆ. ಚಳಿಯ ಅರ್ಧವನ್ನು ಹೊಡೆದುಹಾಕಿ.

ಡಲ್ಲಾಸ್‌ನಲ್ಲಿ ಆಗುವುದು ಬೇರೆಯೇ ಸಂಗತಿ. ಅಲ್ಲಿ ಬೀಳುವುದು ನೀರೇ. ಆದರೆ ನೆಲಕ್ಕೆ ಹತ್ತಿರದ ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗಿರುತ್ತದೆ, ಹಾಗಾಗಿ ಹನಿ ತಂತಿಗೋ ಕೊಂಬೆಗೋ ರಸ್ತೆಗೋ ತಾಗಿದ ಕ್ಷಣ ಗಾಜಿನಂತೆ ಗಟ್ಟಿಯಾಗುತ್ತದೆ. ಆರು ಮಿಲಿಮೀಟರ್ ದಪ್ಪ ಕಟ್ಟುವ ಸೂಚನೆ ಇದ್ದರೆ ಸಾಕು, ಅಲ್ಲಿನ ಹವಾಮಾನ ಇಲಾಖೆ ಎಚ್ಚರಿಕೆ ಕೊಡುತ್ತದೆ. ಉಷ್ಣಾಂಶ ಮೇಲೇರುವವರೆಗೆ ಅದು ಕರಗುವುದಿಲ್ಲ, ಕಾಲಿಟ್ಟರೆ ಜಾರುತ್ತದೆ, ಜನ ಮನೆಯೊಳಗೇ ಉಳಿಯುತ್ತಾರೆ. ನಲ್ಲಿ ತೊಟ್ಟಿಕ್ಕಲು ಬಿಡುವುದು ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪು ಸೀಳದಿರಲಿ ಅಂತ. ದಾವಣಗೆರೆಯಲ್ಲಿ ಅದನ್ನೇ ಮಾಡಿದರೆ, ಮೋಟಾರ್ ಓಡದ ದಿನವೇ ಟ್ಯಾಂಕ್ ಖಾಲಿ.

ನಮ್ಮ ಆಲಿಕಲ್ಲು ಬಿಸಿಲಿನ ಮಗು. ಬೆಳಿಗ್ಗೆಯಿಂದ ಕಾದ ಗಾಳಿ ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ಮೇಲೇರಿ, ಹತ್ತು ಕಿಲೋಮೀಟರಿಗೂ ಮಿಕ್ಕಿ ಎತ್ತರದ ಮೋಡವಾಗುತ್ತದೆ. ಆ ಏರುಗಾಳಿಯೇ ಐಸಿನ ತುಣುಕನ್ನು ಬೀಳಗೊಡದೆ ಎತ್ತಿ ಹಿಡಿದು ಬೆಳೆಸುತ್ತದೆ. ತೂಕ ತಾಳದಾದಾಗ ಸುರಿಯುತ್ತದೆ, ಐದರಿಂದ ಹದಿನೈದು ನಿಮಿಷ. ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಒಂದೂ ಉಳಿದಿರುವುದಿಲ್ಲ. ಉಳಿಯುವುದು ಗಾಳಿಗೆ ಮುರಿದ ಕೊಂಬೆ, ವಾಲಿದ ಕಂಬ, ಹರಿದ ತಂತಿ. ಎಂದರೆ ನೀವು ತಯಾರಾಗಬೇಕಿರುವುದು ಆ ಹದಿನೈದು ನಿಮಿಷಕ್ಕಲ್ಲ, ಅದರ ಹಿಂದೆ ಬರುವ ಮೂವತ್ತಾರು ಗಂಟೆಗೆ. ತಂಗಿಯವರ ಪಟ್ಟಿಯಲ್ಲಿ ಟಾರ್ಚ್, ನೀರು, ಔಷಧ, ಆಟದ ಸಾಮಾನು ಉಳಿಸಿಕೊಳ್ಳಿ. ಪಟ್ಟಿಯಲ್ಲಿದೆಯೋ ಇಲ್ಲವೋ, ಅಲ್ಲಿಂದ ಕಲಿಯಬೇಕಾದ ಇನ್ನೊಂದು ಮಾತು ಹೊಗೆಯದು. 2021ರ ಫೆಬ್ರವರಿಯಲ್ಲಿ, ಡಲ್ಲಾಸ್ ಇರುವ ರಾಜ್ಯವಾದ ಟೆಕ್ಸಾಸ್‌ನ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಬೆಚ್ಚಗಿರಲೆಂದು ಮನೆಯೊಳಗೆ ಇದ್ದಿಲು ಉರಿಸಿದವರು, ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ ಚಾಲೂ ಇಟ್ಟವರು ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದರು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಮ್ಮಲ್ಲಿ ಈ ಅಪಾಯ ಬರುವುದು ಬಾಡಿಗೆ ಜನರೇಟರಿನಿಂದ. ಮಳೆಗೆ ನೆನೆಯುತ್ತದೆ ಅಂತ ಅದನ್ನು ವೆರಾಂಡದಲ್ಲೋ ಮೆಟ್ಟಿಲ ಕೆಳಗೋ ಇಡಬೇಡಿ. ಕಿಟಕಿ ಬಾಗಿಲಿನಿಂದ ಕನಿಷ್ಠ 20 ಅಡಿ ದೂರವಿರಲಿ.

ಈಗ ಹೊತ್ತಿನ ಲೆಕ್ಕ. ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಮೇ ಕೊನೆಯವರೆಗೆ, ಮಧ್ಯಾಹ್ನ 3ರಿಂದ ಸಂಜೆ 7ರೊಳಗೆ ಬರುವುದೇ ಹೆಚ್ಚು. ಬೆಳಿಗ್ಗೆಯಿಂದ ಎಲೆ ಅಲ್ಲಾಡದ ಧಗೆ, ಮೂರು ಗಂಟೆಗೆ ಹೂಕೋಸಿನಂತೆ ಮೇಲೇಳುವ ಮೋಡ, ಅದರ ಬುಡ ಕಪ್ಪು, ಆಮೇಲೆ ಒಮ್ಮೆಲೇ ಧೂಳಿನ ಜೊತೆ ತಣ್ಣನೆಯ ಗಾಳಿ. ಆ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ನಿಮ್ಮ ಕೈಯಲ್ಲಿರುವುದು ಹತ್ತು-ಹದಿನೈದು ನಿಮಿಷ ಮಾತ್ರ. ಸಿಡಿಲಿನ ಮುನ್ಸೂಚನೆಗೆ ಕೇಂದ್ರ ಸರ್ಕಾರದ ‘ದಾಮಿನಿ’ ಆ್ಯಪ್ ಹಾಕಿಕೊಳ್ಳಿ. ಸುತ್ತ 20–40 ಕಿಲೋಮೀಟರಿನಲ್ಲಿ ಸಿಡಿಲಾಡುತ್ತಿದ್ದರೆ ತೋರಿಸುತ್ತದೆ.

ಮೋಟಾರ್ ಹಾಕಿ ಟ್ಯಾಂಕ್ ತುಂಬಿಸುವ ಕೆಲಸ ಬೆಳಿಗ್ಗೆಯೇ ಮುಗಿದಿರಬೇಕು. ಗಾಳಿ ಎದ್ದ ಮೇಲೆ ಮೊದಲು ಪ್ಲಗ್ ಕೀಳಿ: ಟಿವಿ, ಫ್ರಿಜ್, ವೈಫೈ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ (ತಾನಾಗಿ ಬೀಳುವ ಸ್ವಿಚ್) ಇದೆ ಅಂತ ಧೈರ್ಯವೂ ಬೇಡ. ಎಂಸಿಬಿ ಇರುವುದು ಶಾರ್ಟ್ ಮತ್ತು ಓವರ್‌ಲೋಡ್‌ಗೆ. ಸಿಡಿಲು ತಂತಿಗೆ ತರುವ ಕ್ಷಣದ ಭಾರೀ ವೋಲ್ಟೇಜ್ (ಸರ್ಜ್) ಎಂಸಿಬಿ ಬೀಳುವುದರೊಳಗೆ ದಾಟಿಹೋಗಿರುತ್ತದೆ. ಟಿವಿಯ ಡಿಶ್ ಕೇಬಲನ್ನೂ ಬಿಚ್ಚಿ. ಎಷ್ಟೋ ಮನೆಗಳಲ್ಲಿ ಪ್ಲಗ್ ಕಿತ್ತರೂ ಟಿವಿ ಸುಡುವುದು ಆ ದಾರಿಯಲ್ಲಿ. ಆಮೇಲೆ ಗಾಳಿ ಬರುವ ದಿಕ್ಕಿನ ಕಿಟಕಿ, ಬಟ್ಟೆ, ಮರದ ಕೆಳಗಿನ ಸ್ಕೂಟರ್. ಗುಡುಗು ಶುರುವಾದ ಮೇಲೆ ಪ್ಲಗ್ ಮುಟ್ಟಬೇಡಿ, ಉಳಿದದ್ದು ಉಳಿಯಲಿ.

ಒಳಗೆ ಎಲ್ಲಿ ಕೂರಬೇಕು? ಆರ್‌ಸಿಸಿ ಮಾಳಿಗೆಯ ಕೆಳಗೆ, ಕಿಟಕಿ ಗಾಜಿನಿಂದ ದೂರ, ನಡುಮನೆಯಲ್ಲಿ. ಹಿಂದೆ ಇಳಿಸಿದ ಸಿಮೆಂಟ್ ಶೀಟಿನ ಅಡುಗೆಮನೆಯೋ ಬಚ್ಚಲೋ ಇದ್ದರೆ ಅಲ್ಲಿ ಬೇಡ, ದಪ್ಪ ಕಲ್ಲು ಬಿದ್ದರೆ ಸಿಮೆಂಟ್ ಶೀಟ್ ತೂತು ಬೀಳುತ್ತದೆ. ಜಿಂಕ್ ಶೀಟ್ ತೂತಾಗುವುದಿಲ್ಲ, ಆದರೆ ಹುಕ್ ಬೋಲ್ಟ್ ಸಡಿಲವಿದ್ದರೆ ಗಾಳಿ ಇಡೀ ಶೀಟನ್ನೇ ಎತ್ತಿಕೊಂಡು ಹೋಗುತ್ತದೆ. ಗುಡುಗುವಾಗ ಸ್ನಾನ, ಪಾತ್ರೆ ತೊಳೆಯುವುದು, ಕಿಟಕಿಯ ಕಬ್ಬಿಣದ ಸರಳು ಹಿಡಿದು ಮಳೆ ನೋಡುವುದು ಯಾವುದೂ ಬೇಡ. ಚಾರ್ಜಿಗೆ ಹಾಕಿರದ ಮೊಬೈಲ್ ಬಳಸಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. ಚಿಕ್ಕವನಿಗೆ ಈ ಕೆಲಸ ವಹಿಸಿ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಹೊರಗೆ ಕಾಲಿಡಬಾರದು. ಮಕ್ಕಳಿಗೆ ಇದೇ ಕಷ್ಟ, ಕಲ್ಲು ಕರಗಿಹೋಗುತ್ತದಲ್ಲ! ಬಾಗಿಲ ಬಳಿ ಒಂದು ಸ್ಟೀಲ್ ಡಬರಿಯನ್ನು ಮೊದಲೇ ಹೊರಗಿಟ್ಟಿರಿ, ತಾನಾಗಿ ಬಿದ್ದದ್ದು ಅದರಲ್ಲಿ ಉಳಿದಿರುತ್ತದೆ. ಒಂದಷ್ಟನ್ನು ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಡಿ. ಅದೊಂದು ಸಲಕ್ಕೆ ಬಾಗಿಲು ತೆರೆದರೆ ನಷ್ಟವಿಲ್ಲ.

ಆ ಕಲ್ಲಿನಿಂದಲೇ ಮೊದಲ ಒಂದು ಗಂಟೆ ಸಾಗುತ್ತದೆ. ಹತ್ತು ರೂಪಾಯಿ ನಾಣ್ಯದ ಅಡ್ಡಗಲ 27 ಮಿ.ಮೀ. ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ಗಾತ್ರ ದಾಖಲಾಯಿತು. (ಊರಲ್ಲಿ ಜಮೀನಿದ್ದು ಫಸಲ್ ಬಿಮಾ ಕಟ್ಟಿದ್ದರೆ ಈ ಫೋಟೋ ಬರೀ ಆಟಕ್ಕಲ್ಲ. ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು.) ದೊಡ್ಡ ಕಲ್ಲೊಂದನ್ನು ಬಿಸಿ ಮಾಡಿದ ಚಾಕುವಿನಿಂದ ನಡುವೆ ಕೊಯ್ದರೆ ಒಳಗೆ ಈರುಳ್ಳಿಯಂತೆ ಸುತ್ತು ಕಾಣುತ್ತದೆ, ಒಂದು ಬಿಳಿ, ಒಂದು ತಿಳಿ. ನೀರು ಬೇಗ ಗಟ್ಟಿಯಾಗಿ ಗಾಳಿಯ ಗುಳ್ಳೆ ಒಳಗೇ ಸಿಕ್ಕಿಕೊಂಡ ಕಡೆ ಬಿಳಿ, ನಿಧಾನವಾಗಿ ಗಟ್ಟಿಯಾಗಿ ಗುಳ್ಳೆ ಹೊರಗೆ ಹೋದ ಕಡೆ ತಿಳಿ. ಡಬರಿಯ ಬದಿ ನೆಟ್ಟಗಿದ್ದರೆ, ಎಲ್ಲ ಕರಗಿದ ಮೇಲೆ ಸ್ಕೇಲ್ ಇಳಿಸಿ ನೀರಿನ ಎತ್ತರ ಅಳೆಯಿರಿ, ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಸಾವಿರ ಚದರಡಿ ಮಾಳಿಗೆ ಮೇಲೆ 20 ಮಿ.ಮೀ. ಬಿದ್ದರೆ 1,800 ಲೀಟರಿಗೂ ಹೆಚ್ಚು. ದೊಡ್ಡ ಹುಡುಗ ಇದನ್ನು ತಾನೇ ಲೆಕ್ಕ ಹಾಕಲಿ. ತಿನ್ನಲು ಮಾತ್ರ ಕೊಡಬೇಡಿ. ಮೋಡದ ಧೂಳು, ಮಸಿ, ಸೂಕ್ಷ್ಮಾಣು ಎಲ್ಲ ಅದರ ಹೊಟ್ಟೆಯಲ್ಲೇ ಇರುತ್ತದೆ.

ಗುಡುಗು ನಿಂತು ಅರ್ಧ ಗಂಟೆಯಾದ ಮೇಲೆ ಮಾಳಿಗೆಗೆ ಹೋಗಿ ಎರಡು ಕಡೆ ನೋಡಿ. ಒಂದು, ನೀರು ಇಳಿಯುವ ಪೈಪಿನ ಬಾಯಿ. ಕಲ್ಲು ಮತ್ತು ಎಲೆ ಸೇರಿ ಅಲ್ಲಿ ಬಿರಟೆ ಹಾಕಿದಂತಾಗಿರುತ್ತದೆ, ಮಾಳಿಗೆ ಕೆರೆಯಾಗಿ ನೀರು ಮೆಟ್ಟಿಲ ಮೇಲಿನಿಂದ ಮನೆಗೆ ನುಗ್ಗುತ್ತದೆ. ಎರಡು, ಸೋಲಾರ್ ಹೀಟರಿನ ಗಾಜಿನ ಕೊಳವೆ. ಇದನ್ನು ಬಹಳ ಜನ ಮರೆಯುತ್ತಾರೆ. ಸಾಮಾನ್ಯ ಮಾದರಿಯಲ್ಲಿ ಕೊಳವೆಯೊಳಗೂ ನೀರೇ ತುಂಬಿರುವುದರಿಂದ ಒಂದೇ ಕೊಳವೆ ಒಡೆದರೂ ಹೀಟರಿನ ಟ್ಯಾಂಕ್ ಅಲ್ಲಿಂದ ಸೋರಿ ಖಾಲಿಯಾಗುತ್ತದೆ. ಅದು ಖಾಲಿಯಾದಂತೆ ಓವರ್‌ಹೆಡ್ ಟ್ಯಾಂಕಿನ ತಣ್ಣೀರು ಅದಕ್ಕೆ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಗಾಳಿ. ಹೀಟರಿಗೆ ತಣ್ಣೀರು ಹೋಗುವ ಗೇಟ್ ವಾಲ್ವ್ ಎಲ್ಲಿದೆ ಅಂತ ಇವತ್ತೇ ಹುಡುಕಿ, ತಿರುಗುತ್ತದೋ ಇಲ್ಲವೋ ನೋಡಿಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಉಪ್ಪುಕಟ್ಟಿ ಹಿಡಿದಿರುತ್ತದೆ. ಕೊಳವೆ ಒಡೆದಿದ್ದರೆ ಆ ವಾಲ್ವ್ ಮುಚ್ಚಿ. ಒಡೆದ ಗಾಜನ್ನು ಬರಿಗೈಯಲ್ಲಿ ಎತ್ತಬೇಡಿ.

ನೀರಿನ ಮಾತು ಬಂತು. ರಾಜನಹಳ್ಳಿಯಿಂದಾಗಲಿ ಕುಂದುವಾಡ ಕೆರೆಯಿಂದಾಗಲಿ, ಊರಿಗೆ ಬರುವ ನೀರು ಪಂಪ್ ಆಗಿಯೇ ಬರಬೇಕು. ಅಲ್ಲಿ ಕರೆಂಟ್ ಹೋದರೆ ನಿಮ್ಮ ಬೀದಿಯ ಸರದಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಟ್ಯಾಂಕಿನಲ್ಲಿರುವುದೇ ಗತಿ ಎಂದು ನಡೆಯಿರಿ. ಬಿಗಿಯಾಗಿ ಬಳಸಿದರೆ ತಲೆಗೆ ದಿನಕ್ಕೆ 50 ಲೀಟರ್ ಸಾಕು, ಐದು ಜನಕ್ಕೆ 250. ಕುಡಿಯಲು ಅದರಲ್ಲಿ ತಲೆಗೆ 3–4 ಲೀಟರ್ ಬೇರೆ ತೆಗೆದಿಡಿ. ಆರ್‌ಒ ಯಂತ್ರ ಕರೆಂಟ್ ಇಲ್ಲದೆ ಓಡುವುದಿಲ್ಲ, ಅದರ ಹೊಟ್ಟೆಯಲ್ಲಿರುವುದು ಏಳೆಂಟು ಲೀಟರ್ ಮಾತ್ರ. ಏಪ್ರಿಲ್–ಮೇನಲ್ಲಿ 20 ಲೀಟರಿನ ಒಂದು ಕ್ಯಾನ್ ಯಾವಾಗಲೂ ತುಂಬಿರಲಿ. ತೀರಿದರೆ ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ.

ಇನ್ವರ್ಟರ್ ವಿಚಾರದಲ್ಲಿ ಜನ ಮೋಸ ಹೋಗುವುದು ಮೊದಲ ಸಂಜೆಯೇ. ಲೆಕ್ಕ ಸರಳ: 12 ವೋಲ್ಟ್ × 150 ಎಎಚ್ = 1,800 ವ್ಯಾಟ್-ಅವರ್. ಬ್ಯಾಟರಿಯನ್ನು ಪೂರ್ತಿ ಹೀರಬಾರದು, ಇನ್ವರ್ಟರಿನಲ್ಲೂ ಒಂದಷ್ಟು ಸೋರುತ್ತದೆ. ಕೈಗೆ ಸಿಗುವುದು ಹೊಸ ಬ್ಯಾಟರಿಯಲ್ಲಿ ಸುಮಾರು 1,150. ಮೂರ್ನಾಲ್ಕು ವರ್ಷ ಹಳೆಯದಾದರೆ ಅದರ ಅರ್ಧ ಅಂತಲೇ ಇಟ್ಟುಕೊಳ್ಳಿ. ಹಳೇ ಮಾದರಿಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಎರಡು ಫ್ಯಾನ್, 9 ವ್ಯಾಟಿನ ಮೂರು ಬಲ್ಬ್, 10 ವ್ಯಾಟಿನ ವೈಫೈ ಸೇರಿ 187. ಆರು ಗಂಟೆಗೆ ಮುಗಿಯಿತು, ಸಂಜೆ ಆರಕ್ಕೆ ಹಚ್ಚಿದ್ದು ನಡುರಾತ್ರಿ ಕಿರುಚಿ ನಿಲ್ಲುತ್ತದೆ. ಅದೇ ಒಂದು ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಹೊಸ ಮಾದರಿ, 30 ವ್ಯಾಟ್), ಒಂದು ಬಲ್ಬ್ ಮಾತ್ರ ಇಟ್ಟರೆ ಹೊಸ ಬ್ಯಾಟರಿಯಲ್ಲಿ ಇಪ್ಪತ್ತು ಗಂಟೆ ದಾಟುತ್ತದೆ. ಬೇರೆ ಏನೂ ಖರ್ಚು ಮಾಡದಿದ್ದರೂ ಅತ್ತೆ ಮಲಗುವ ಕೋಣೆಗೆ ಒಂದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಮೊದಲ ರಾತ್ರಿ ಆಲಿಕಲ್ಲಿನ ತಂಪು ಇರುತ್ತದೆ, ಎದುರು ಬದುರು ಕಿಟಕಿ ತೆರೆದು ಸೊಳ್ಳೆಪರದೆ ಕಟ್ಟಿದರೆ ಫ್ಯಾನೇ ಬೇಕಿಲ್ಲ. ಬ್ಯಾಟರಿಯನ್ನು ಮರುದಿನ ಮಧ್ಯಾಹ್ನಕ್ಕೆ ಉಳಿಸಿ, ಆ ಹೊತ್ತಿನ ಒದ್ದೆ ಧಗೆ ತಡೆಯುವುದು ವಯಸ್ಸಾದವರಿಗೆ ಕಷ್ಟ. ವೈಫೈಗೆ ವ್ಯಾಟ್ ಸುರಿಯಬೇಡಿ. ಬೀದಿಯ ಕರೆಂಟ್ ಹೋದರೆ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿ, ಕೇಬಲ್‌ನವರ ಪೆಟ್ಟಿಗೆ ಎಲ್ಲವೂ ಸಾಯುತ್ತವೆ. ಮೊಬೈಲಿಗೆ 20,000 ಎಂಎಎಚ್ ಪವರ್‌ಬ್ಯಾಂಕ್ ಸಾಕು, ಸುಮಾರು ಎರಡೂವರೆ ಸಲ ತುಂಬುತ್ತದೆ. ಸುದ್ದಿಗೆ ಚಿತ್ರದುರ್ಗ ಆಕಾಶವಾಣಿ ಇದೆ, ಸೆಲ್ ಹಾಕುವ ಒಂದು ಎಫ್‌ಎಂ ರೇಡಿಯೋ ಇದ್ದರೆ.

ಅಕ್ಕಪಕ್ಕದವರು ‘ನಮ್ಮ ಮಾಳಿಗೆಗೆ ಸೋಲಾರ್ ಪ್ಯಾನೆಲ್ ಇದೆ, ಚಿಂತೆಯಿಲ್ಲ’ ಅನ್ನಬಹುದು. ಬ್ಯಾಟರಿ ಇಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸಿದ ಪ್ಯಾನೆಲ್, ಲೈನ್ ಸತ್ತ ತಕ್ಷಣ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹಿಂದಿನಿಂದ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ.

ಇನ್ಸುಲಿನ್. ಬಳಕೆಯಲ್ಲಿರುವ ವಯಲ್ ಅಥವಾ ಪೆನ್ 30 ಡಿಗ್ರಿಯೊಳಗೆ ಸುಮಾರು 28 ದಿನ ಹೊರಗಿರಬಹುದು (ನಿಮ್ಮ ಡಬ್ಬಿಯ ಮೇಲೆ ಬರೆದಿರುವುದೇ ಅಂತಿಮ). ನಮ್ಮ ಏಪ್ರಿಲ್ ಮಧ್ಯಾಹ್ನ 37–38 ಮುಟ್ಟುತ್ತದೆ ಅನ್ನುವುದೇ ತೊಡಕು. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮರಳು ಹಾಕಿ ನೀರು ಸುರಿಯಿರಿ, ಅದರೊಳಗೆ ಚಿಕ್ಕ ಮಡಕೆ ಹುಗಿಯಿರಿ, ನೀರು ಹೋಗದಂತೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು ಆ ಮಡಕೆಗೆ ಇಳಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಗಾಳಿ ಆಡುವ ನೆರಳಿನಲ್ಲಿಡಿ. ಮರಳು ಒಣಗಿದರೆ ಕೆಲಸ ನಿಂತಿತು, ಬೆಳಿಗ್ಗೆ ಸಂಜೆ ನೀರು ಹಾಕಿ. ಆಲಿಕಲ್ಲಿನ ನಡುವೆ ಹುಗಿಯುವುದು, ಫ್ರೀಜರಿನ ಐಸಿಗೆ ತಾಗಿಸಿಡುವುದು ತಪ್ಪು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಅತ್ತೆಯ ಊಟದ ಹೊತ್ತು ತಪ್ಪಿಸಬೇಡಿ. ಕತ್ತಲಲ್ಲಿ ಇನ್ಸುಲಿನ್ ಹಾಕಿಕೊಂಡು ಅಡುಗೆ ತಡವಾದರೆ ಸಕ್ಕರೆ ಇಳಿಯುತ್ತದೆ. ಸೂಜಿಯ ಅಂಕಿ ಓದಲು ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯದು.

ಫ್ರಿಜ್ ಬಾಗಿಲು ಮುಚ್ಚಿಯೇ ಇದ್ದರೆ ಕೆಳಗಿನ ಭಾಗ ನಾಲ್ಕು ಗಂಟೆ ತಡೆಯುತ್ತದೆ. ಆದ್ದರಿಂದ ಹಾಲನ್ನು ಮೊದಲ ಸಂಜೆಯೇ ತೆಗೆದು ಕಾಯಿಸಿ, ಬೇಕಾದಷ್ಟು ಇಟ್ಟುಕೊಂಡು ಉಳಿದದ್ದಕ್ಕೆ ಹೆಪ್ಪು ಹಾಕಿ. ಕೆಟ್ಟ ಹಾಲಿಗಿಂತ ಹುಳಿ ಮೊಸರು ಮೇಲು. ದೋಸೆ ಹಿಟ್ಟು ಬೆಳಿಗ್ಗೆಗೆ ಉಕ್ಕಿ ಹುಳಿಯಾಗಿರುತ್ತದೆ. ಈರುಳ್ಳಿ, ಹಸಿಮೆಣಸು ಹಾಕಿ ಪಡ್ಡು ಮಾಡಿಬಿಡಿ. ಮಿಕ್ಸಿ ಓಡದ ದಿನಕ್ಕೆ ಶೇಂಗಾ ಚಟ್ನಿಪುಡಿ, ಪುಟಾಣಿ ಪುಡಿ ಮೊದಲೇ ಡಬ್ಬಿಯಲ್ಲಿರಲಿ. ಮಂಡಕ್ಕಿಯ ಊರಿನಲ್ಲಿದ್ದು ಬ್ರೆಡ್ ಕೂಡಿಡುವುದು ಏಕೆ? ಒಂದು ಸೇರು ಮಂಡಕ್ಕಿ ನೀರಿಗೆ ಹಾಕಿ ತಕ್ಷಣ ಹಿಂಡಿ, ಒಗ್ಗರಣೆಗೆ ಬೆರೆಸಿ, ಪುಟಾಣಿ ಪುಡಿ ಉದುರಿಸಿದರೆ ಹತ್ತು ನಿಮಿಷದ ಊಟ. ಮಳೆಯ ಥಂಡಿಗೆ ಮೆತ್ತಗಾದ ಮಂಡಕ್ಕಿಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿ. ಇನ್ನು ಇಂಡಕ್ಷನ್ ಒಲೆಯನ್ನೇ ನಂಬಿದ ಮನೆಯವರು ಒಂದು ಚಿಕ್ಕ ಸಿಲಿಂಡರ್ ಇಟ್ಟುಕೊಳ್ಳಲಿ.

ಮಕ್ಕಳ ವಿಷಯಕ್ಕೆ ಬರೋಣ. ನಾಲ್ಕು ಜನ ಕೂರುವಂತಿದ್ದರೆ ಚೌಕಾಬಾರಕ್ಕೆ ಸಾಟಿ ಯಾವುದೂ ಇಲ್ಲ: 9ರ ಹುಡುಗನೂ ಅತ್ತೆಯೂ ಸರಿಸಮ ಆಡಬಹುದು, ದುಡ್ಡಿನ ಖರ್ಚಿಲ್ಲ, ಮಂದ ಬೆಳಕು ಸಾಕು. ಬೆಳಕಿಗೆ ಟಾರ್ಚನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಬಿಳಿ ಚಾವಣಿಗೆ ಬಿಡಿ, ಮಣೆಯ ಮೇಲೆ ಯಾರ ನೆರಳೂ ಬೀಳುವುದಿಲ್ಲ. ನೆಲದ ಮೇಲೆ ಬಳಪದಲ್ಲಿ ಐದಕ್ಕೆ ಐದು ಮನೆ ಬರೆಯಿರಿ. ಪ್ರತಿ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ. ಆ ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಬಳೆ ಚೂರು, ಶೇಂಗಾ, ಗುಂಡಿ, ಮೆಣಸಿನ ತೊಟ್ಟು ಏನಾದರೂ ಆದೀತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜಗಳ ಒಂದು ಮೈಯನ್ನು ಒರಟು ಕಲ್ಲಿಗೆ ಬಿಳಿ ಕಾಣುವವರೆಗೆ ಉಜ್ಜಿ. ಈ ಉಜ್ಜುವ ಕೆಲಸಕ್ಕೇ ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಬಿಳಿ ಎಷ್ಟು ಮೇಲಾಗುತ್ತದೋ ಅಷ್ಟು ಗರ; ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂದರೆ 8. ಚೌಕ, ಬಾರ ಬಿದ್ದರೆ, ಎದುರಾಳಿಯ ಕಾಯಿ ಹೊಡೆದರೆ ಇನ್ನೊಂದು ಸಲ ಹಾಕಬಹುದು. ಹೊರಸುತ್ತು ಎಡಗಡೆಯಿಂದ ಬಲಕ್ಕೋ ಬಲದಿಂದ ಎಡಕ್ಕೋ ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದೆ. ಅತ್ತೆ ಹೇಳಿದ್ದೇ ಕಾನೂನು. ಒಳಸುತ್ತು ಮಾತ್ರ ಅದಕ್ಕೆ ಉಲ್ಟಾ. ಒಂದಾದರೂ ಕಾಯಿ ಹೊಡೆಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಇದನ್ನು ಕೈಬಿಟ್ಟರೆ ಆಟ ಸಪ್ಪೆ.

ಹದಿನಾಲ್ಕರವನಿಗೆ ಆಟವೇ ಬೇಸರವೆನಿಸಿದರೆ ಗಣಿತ ಕೊಡಿ. ನಾಲ್ಕು ಬೀಜ ಬೀಳುವ ರೀತಿ ಒಟ್ಟು 16. ಅದರಲ್ಲಿ ಎರಡು ಬೀಳುವುದು 6 ರೀತಿ, ಒಂದು 4, ಮೂರು 4, ಚೌಕ 1, ಬಾರ 1. ಸರಾಸರಿ ಒಂದು ಗರಕ್ಕೆ ಎರಡೂವರೆ ಮನೆ. ಒಂದು ಕಾಯಿ ಮಧ್ಯದ ಮನೆ ಸೇರಿ ಹಣ್ಣಾಗಲು 24 ಹೆಜ್ಜೆ, ಎಂದರೆ ಸುಮಾರು 10 ಗರ. ನಾಲ್ವರ ಹದಿನಾರು ಕಾಯಿಗೆ 160, ಹೊಡೆಸಿಕೊಂಡು ಹಿಂದೆ ಹೋದದ್ದು ಬೇರೆ. 64 ಸಲ ಹಾಕಿ ಗೀಟು ಎಳೆದು ನೋಡಲಿ: ಬೀಜ ನ್ಯಾಯವಾಗಿದ್ದರೆ ಎರಡು 24 ಸಲ, ಚೌಕ 4, ಬಾರ 4ರ ಆಸುಪಾಸು ಬರಬೇಕು. ಹಾಗೆ ಬರುವುದು ಕಡಿಮೆ. ಉಜ್ಜಿದ ಮೈ ಚಪ್ಪಟೆ, ಉಜ್ಜದ ಮೈ ಉಬ್ಬು. ಯಾವ ಬೀಜ ಯಾವ ಕಡೆಗೆ ವಾಲುತ್ತದೆ ಅಂತ ಪತ್ತೆ ಹಚ್ಚಿದವನೇ ಮುಂದಿನ ಆಟಕ್ಕೆ ಬೀಜ ಆರಿಸಲಿ.

ಇಬ್ಬರೇ ಉಳಿದರೆ ಅಳಗುಳಿಮಣೆ: ಏಳೇಳರಂತೆ 14 ಗುಳಿ, ಗುಳಿಗೆ ಐದರಂತೆ 70 ಬೀಜ. ಮಣೆಯಿಲ್ಲದಿದ್ದರೆ ಬಳಪದ ವೃತ್ತ ಸಾಕು. ಹಳೇ ಪೆಟ್ಟಿಗೆಯಲ್ಲಿ ಗುಲಗಂಜಿ ಸಿಕ್ಕರೆ ಅದನ್ನು ಬಳಸಬೇಡಿ, ಅಗಿದರೆ ವಿಷ.

ಕೊನೆಗೆ ಕರೆಂಟ್ ಬರುವ ಹೊತ್ತು, ಸಾಮಾನು ಸುಡುವ ಹೊತ್ತೂ ಅದೇ. ಹರಿದ ತಂತಿ ಬೀದಿಯಲ್ಲಿ ಕಂಡರೆ ಸತ್ತಿದೆ ಅಂತ ತಿಳಿಯದೆ ಹತ್ತು ಮೀಟರ್ ದೂರ ನಿಂತು ಬೆಸ್ಕಾಂನ 1912ಕ್ಕೆ ತಿಳಿಸಿ. ಮನೆಯಲ್ಲಿ ಒಂದೇ ಒಂದು ಬಲ್ಬಿನ ಸ್ವಿಚ್ ಹಾಕಿಟ್ಟು ಉಳಿದೆಲ್ಲ ಆರಿಸಿರಿ. ಆ ಬಲ್ಬ್ ಇನ್ವರ್ಟರ್ ಲೈನಿನದಾಗಿರಬಾರದು. ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಿದ್ದರೆ, ಕರೆಂಟ್ ಕೊಟ್ಟಾಗ 230 ವೋಲ್ಟ್ ಬರಬೇಕಾದ ಮನೆಗೆ 400ರವರೆಗೂ ಬರಬಹುದು. ಬಲ್ಬ್ ಕಣ್ಣು ಕುಕ್ಕುವಂತೆ ಉರಿದರೆ, ಇಲ್ಲವೇ ಒಮ್ಮೆ ಮಂದ ಒಮ್ಮೆ ಜೋರಾದರೆ, ಮೇನ್ ಸ್ವಿಚ್ ಇಳಿಸಿ ಬೆಸ್ಕಾಂಗೆ ಫೋನ್ ಮಾಡಿ, ಪಕ್ಕದ ಮನೆಗೂ ಕೂಗಿ ಹೇಳಿ. ಹದಿನೈದು ನಿಮಿಷ ಬೆಳಕು ಒಂದೇ ಸಮ ಇದ್ದರೆ ಮೊದಲು ಮೋಟಾರ್, ಟ್ಯಾಂಕ್ ತುಂಬಲಿ, ಆಮೇಲೆ ಫ್ರಿಜ್. ಇನ್ವರ್ಟರ್ ಬ್ಯಾಟರಿ ಪೂರ್ತಿ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ಈ ಮಳೆಗಳು ಒಂದರ ಹಿಂದೊಂದು ದಿನ ಅದೇ ಹೊತ್ತಿಗೆ ಬರುವುದುಂಟು, ಆದ್ದರಿಂದ ರಾತ್ರಿ ಕರೆಂಟ್ ಬಂದಿದ್ದರೆ ಬೆಳಿಗ್ಗೆಯೇ ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪವರ್‌ಬ್ಯಾಂಕ್ ಚಾರ್ಜಿಗೆ ಹಾಕಿ, ಮಾಳಿಗೆಯ ಪೈಪಿನ ಬಾಯಿಯ ಎಲೆ ತೆಗೆದಿಡಿ.